ದ್ರಾಕ್ಷಿಯ ಕಣಿವೆಯಲ್ಲಿ ಒಂದು ಸಹಪಂಕ್ತಿ

ಪರಸ್ಥಳದ ಊಟವೆಂದರೆ ನಮ್ಮ ಹಿರಿಯರಿಗೆ ಬುತ್ತಿಯ ಗಂಟೇ ಸರಿ. ಜಾತ್ರೆಗೆ ಹೊರಡಲಿ, ಕೋರ್ಟು ಕಚೇರಿಗೆ ಹೊರಡಲಿ, ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದೆರಡು ಉಳ್ಳಾಗಡ್ಡಿ ಕಟ್ಟಿಕೊಂಡೇ ಅವರು ಹೊಸ್ತಿಲು ದಾಟುತ್ತಿದ್ದರು. ಖಾನಾವಳಿಯ ಅನ್ನ ಅವರಿಗೆ ರುಚಿಸುತ್ತಿರಲಿಲ್ಲವೆಂದಲ್ಲ. ಯಾವ ಪಾತ್ರೆಯಲ್ಲಿ ಏನು ಬೆಂದಿತ್ತೋ ಎಂಬ ಸಂಶಯ ತುತ್ತನ್ನು ಗಂಟಲಲ್ಲಿ ತಡೆಯುತ್ತಿತ್ತು. ಇಂದು ನಮ್ಮ ಮಕ್ಕಳು ಸಮುದ್ರದಾಚೆ ಸಂಸಾರ ಹೂಡಿದ್ದಾರೆ. ಅವರಿದ್ದಲ್ಲಿಗೆ ಹೋದ ನಾವು ಬುತ್ತಿಯ ಗಂಟನ್ನು ಎಷ್ಟು ದಿನ ಹೊತ್ತೇವು? ಅಂಥ ಒಂದು ಊಟದ ಪ್ರಸಂಗವನ್ನೂ, ಆ ಊಟದ ನಿಮಿತ್ತವಾಗಿ ನಮ್ಮ ಮನೆಯಲ್ಲಿ ನಡೆದ ಮಾತನ್ನೂ ಓದುಗ ಬಂಧುಗಳ ಮುಂದಿಡುವ ಮನಸ್ಸಾಗಿದೆ.

ನಾವು ವಿಜಯಪುರ ಜಿಲ್ಲೆಯ ಒಕ್ಕಲುತನದ ಮನೆಯವರು. ಹಲವು ದಶಕಗಳಿಂದ ದ್ರಾಕ್ಷಿಯ ಪಡವೇ ನಮ್ಮ ಜೀವನಾಧಾರ. 2023ರ ಆಗಸ್ಟ್ ತಿಂಗಳಲ್ಲಿ ನಾವೂ ನಮ್ಮ ಮನೆಯವರೂ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಆ ವರ್ಷ ನಮ್ಮ ಮದುವೆಗೆ ನಲವತ್ತು ವರ್ಷ ತುಂಬಿದ್ದವು. ಮಗಳೂ ಅಳಿಯಂದಿರೂ ಅದನ್ನು ನೆನಪಿಟ್ಟುಕೊಂಡು, ನಮಗೆ ತಿಳಿಸದೆಯೇ, ಒಂದು ಭೋಜನಾಲಯದಲ್ಲಿ ಜಾಗ ಕಾಯ್ದಿರಿಸಿದ್ದರು. ಹೊರಡುವ ಎರಡು ದಿನ ಮೊದಲು ವಿಷಯ ಹೊರಬಿತ್ತು. ಸ್ಥಳ ನಾಪಾ ಕಣಿವೆ. ದ್ರಾಕ್ಷಾಮದ್ಯಕ್ಕೆ ಜಗತ್ತಿನಲ್ಲೆಲ್ಲ ಹೆಸರಾದ ಸೀಮೆ. ಅಲ್ಲಿಯ ಒಂದು ಹಳೆಯ ಕಟ್ಟಿಗೆಯ ಮನೆಯನ್ನು ಊಟದ ಮನೆಯಾಗಿ ಮಾರ್ಪಡಿಸಿದ್ದಾರೆಂದೂ, ಸುತ್ತಲೂ ದ್ರಾಕ್ಷಿಯ ತೋಟಗಳಿವೆಯೆಂದೂ, ಒಕ್ಕಲಿಗರಾದ ನಮಗೆ ಅದು ಮೆಚ್ಚಿಗೆಯಾದೀತೆಂದೂ ಮಗಳು ಉತ್ಸಾಹದಿಂದ ಹೇಳಿದಳು. ನಾವು ಒಂದೇ ಮಾತಿನಲ್ಲಿ, "ಕುಡಿಯುವವರ ನಡುವೆ ಕುಳಿತು ಉಣ್ಣುವುದು ನಮ್ಮಿಂದಾಗದು" ಎಂದುಬಿಟ್ಟೆವು. ಅವಳ ಮುಖ ಬಾಡಿತು. ಅಂದು ರಾತ್ರಿಯ ಊಟ ಮಾತಿಲ್ಲದೆ ಮುಗಿಯಿತು.

ಮಲಗುವ ಮುನ್ನ ನಮ್ಮ ಮನೆಯವರು ಮೆಲ್ಲಗೆ ಅಂದರು: "ನೀವು ಒಲ್ಲೆ ಅಂದದ್ದು ತಪ್ಪಲ್ಲರಿ. ಆದರ ಯಾಕ ಒಲ್ಲೆ ಅಂತೀರಿ ಅನ್ನೋದು ಆ ಹುಡುಗಿಗೆ ಗೊತ್ತೇ ಇಲ್ಲಲ್ಲ. ಮೊದಲ ಅದನ್ನ ಹೇಳ್ರಿ. ಆಮೇಲೆ ಬೇಕಾದ್ರ ಒಲ್ಲೆ ಅನ್ರಿ."

ಆ ಮಾತು ನಮ್ಮನ್ನು ನಿದ್ದೆಮಾಡಗೊಡಲಿಲ್ಲ. ನಮ್ಮ ಅಣ್ಣನವರು 1994ರಲ್ಲಿ ತೀರಿಕೊಂಡರು. ಆಗ ಮಗಳಿಗೆ ಏಳು ವರ್ಷ. ದೊಡ್ಡಪ್ಪನಿಗೆ ಎದೆನೋವು ಬಂದಿತ್ತೆಂದು ಅವಳಿಗೆ ಹೇಳಿದ್ದೆವು. ಅವಳು ಅದನ್ನೇ ನಂಬಿ ಬೆಳೆದಿದ್ದಳು. ನಿಜವೆಂದರೆ ಕುಡಿತದಿಂದ ಅವರ ಪಿತ್ತಜನಕಾಂಗ ಪೂರ್ತಿ ಕೆಟ್ಟುಹೋಗಿತ್ತು. ಅದಕ್ಕೂ ಮೊದಲು ಅವರ ಪಾಲಿನ ಐದು ಎಕರೆ ಹೊಲ ಒಂದೊಂದೇ ತುಂಡಾಗಿ ಪರರ ಪಾಲಾಗಿತ್ತು. ಮನೆಯ ಮರ್ಯಾದೆಗೆ ಅಂಜಿ ನಾವು ಮೂವತ್ತು ವರ್ಷಗಳ ಹತ್ತಿರ ಈ ಮಾತನ್ನು ಮುಚ್ಚಿಟ್ಟಿದ್ದೆವು. ಮರುದಿನ ಬೆಳಿಗ್ಗೆ ಚಹಾದ ಹೊತ್ತಿನಲ್ಲಿ ಮಗಳನ್ನೂ ಅಳಿಯಂದಿರನ್ನೂ ಕೂಡಿಸಿಕೊಂಡು ಎಲ್ಲವನ್ನೂ ಹೇಳಿದೆವು. ಎಲ್ಲವನ್ನೂ ಎಂದು ನಾವು ಅಂದುಕೊಂಡೆವು. ಮಗಳು ಬಹಳ ಹೊತ್ತು ಅತ್ತಳು. ಆಮೇಲೆ, "ಅಪ್ಪಾ, ಬ್ಯಾಡಂದ್ರ ಬ್ಯಾಡ, ಈಗ ರದ್ದು ಮಾಡತೀವಿ" ಎಂದಳು. ಆದರೆ ನಿಜ ಹೇಳಿದ ಮೇಲೆ ನಮ್ಮ ಮನಸ್ಸಿನ ಬಿಗಿ ಸಡಿಲಾಗಿತ್ತು. "ನಡೆಯಿರಿ, ಹೋಗೋಣ. ನಮ್ಮ ನೇಮವನ್ನು ಅವರಿಗೆ ಮೊದಲೇ ತಿಳಿಸಿಬಿಡಿರಿ" ಎಂದೆವು. ಅಳಿಯಂದಿರು ಅಲ್ಲೇ ದೂರವಾಣಿ ಮಾಡಿ, ಮಾಂಸ, ಮೀನು, ತತ್ತಿ ಕೂಡದೆಂದೂ, ಅಡುಗೆಯಲ್ಲಿ ಮದ್ಯದ ಹನಿಯೂ ಬೀಳಕೂಡದೆಂದೂ ತಿಳಿಸಿದರು.

ಫ್ರೀಮಾಂಟಿನಿಂದ ಒಂದೂವರೆ ಎರಡು ತಾಸಿನ ಹಾದಿ. ಕಣಿವೆಯ ಉದ್ದ ಸುಮಾರು 30 ಮೈಲಿ. ಅತಿ ಅಗಲವಾದ ಕಡೆಯಲ್ಲಿಯೂ 5 ಮೈಲಿ ಮೀರದು. ಎಡಬಲಕ್ಕೆ ಗುಡ್ಡದ ಸಾಲು, ನಡುವೆ ಕಣ್ಣು ಹಾಯುವವರೆಗೆ ದ್ರಾಕ್ಷಿ. ಒಕ್ಕಲಿಗನ ಕಣ್ಣು ಎಲ್ಲಿ ಹೋದರೂ ಬೆಳೆಯನ್ನೇ ಹುಡುಕುತ್ತದೆ. ನಮ್ಮಲ್ಲಿಯಂತೆ ತಲೆಯ ಮೇಲಿನ ಚಪ್ಪರವಾಗಲಿ, ಎರಡು ತೋಳು ಚಾಚಿದ ಕಂಬಗಳಾಗಲಿ ಹೆಚ್ಚಾಗಿ ಕಾಣಲಿಲ್ಲ. ತಂತಿಗಳ ನಡುವೆ ಬಳ್ಳಿಯನ್ನು ಬೇಲಿಯಂತೆ ನೇರವಾಗಿ ನಿಲ್ಲಿಸಿದ್ದರು. ಕಾಯಿಗಳು ಆಗತಾನೇ ಹಸಿರು ಬಿಟ್ಟು ಬಣ್ಣಕ್ಕೆ ತಿರುಗುತ್ತಿದ್ದವು. ಹಗಲು ಸುಡುವ ಬಿಸಿಲು, ರಾತ್ರಿ ಕೊಲ್ಲಿಯ ಕಡೆಯಿಂದ ಏರಿ ಬರುವ ತಂಪು ಮಂಜು. ಈ ಎರಡರ ಕೂಟವೇ ಅಲ್ಲಿಯ ಹಣ್ಣಿನ ಗುಣಕ್ಕೆ ಕಾರಣವೆನ್ನುತ್ತಾರೆ.

ಈ ಬೆಳೆಯ ಇತಿಹಾಸವೂ ಏಳುಬೀಳಿನದೇ. ಜಾರ್ಜ್ ಯೌಂಟ್ ಎಂಬ ವಲಸಿಗ 1830ರ ದಶಕದ ಕೊನೆಯ ವರ್ಷಗಳಲ್ಲಿ ಇಲ್ಲಿ ಮೊದಲ ಬಳ್ಳಿ ನೆಟ್ಟ. ಅವನು ತೀರಿಕೊಂಡ ಎರಡು ವರ್ಷಗಳ ಮೇಲೆ, 1867ರಲ್ಲಿ, ಊರಿಗೆ ಯೌಂಟ್‌ವಿಲ್ ಎಂದು ಅವನ ಹೆಸರನ್ನೇ ಇಟ್ಟರು. 1861ರಲ್ಲಿ ಚಾರ್ಲ್ಸ್ ಕ್ರುಗ್ ಎಂಬವನು ವ್ಯಾಪಾರಕ್ಕಾಗಿ ಮದ್ಯ ತೆಗೆಯುವ ಸ್ಥಾವರ ಹೂಡಿದ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಫಿಲೋಕ್ಸೆರಾ ಎಂಬ ಬೇರುಹೇನು ಬಹುಭಾಗ ತೋಟಗಳನ್ನು ಹಾಳುಗೆಡವಿತು. ಅಮೆರಿಕೆಯ ಕಾಡುದ್ರಾಕ್ಷಿಯ ಬೇರಿನ ಮೇಲೆ ನಾಡದ್ರಾಕ್ಷಿಯನ್ನು ಕಸಿ ಕಟ್ಟುವುದೇ ಅದಕ್ಕೆ ಪರಿಹಾರವಾಯಿತು. ನಮ್ಮ ವಿಜಯಪುರದ ಪಡಗಳಲ್ಲಿಯೂ ಉಪ್ಪುನೀರು ಮತ್ತು ಬರಗಳನ್ನು ತಡೆಯಲೆಂದು ನಾವು ನೆಡುವ 'ಡಾಗ್ ರಿಡ್ಜ್' ಬೇರುಗಿಡ ಅದೇ ಅಮೆರಿಕೆಯ ಕಾಡುಬಳ್ಳಿಯ ಸಂತತಿ. ನಾವು ಬೆಳೆಯುವ ಬೀಜವಿಲ್ಲದ ಥಾಮ್ಸನ್ ದ್ರಾಕ್ಷಿಗೆ ಆ ಹೆಸರು ಬಂದುದೂ ಇದೇ ಕ್ಯಾಲಿಫೋರ್ನಿಯಾದಲ್ಲಿ, 1870ರ ದಶಕದಲ್ಲಿ ಅದನ್ನು ಬೆಳೆಸಿ ಹರಡಿದ ವಿಲಿಯಂ ಥಾಮ್ಸನ್ ಎಂಬ ರೈತನಿಂದ. ತಳಿ ಮಾತ್ರ ಅದಕ್ಕಿಂತ ಬಹಳ ಹಳೆಯದು. ಪಶ್ಚಿಮ ಏಷ್ಯದ ಕಡೆಯದು. ಪರದೇಶವೆಂದುಕೊಂಡು ಹೋದವರಿಗೆ ನಮ್ಮ ಹೊಲದ ಬೇರೇ ಅಲ್ಲಿ ಕಂಡಿತು.

1920ರಿಂದ 1933ರವರೆಗೆ ಅಮೆರಿಕ ದೇಶದಲ್ಲೆಲ್ಲ ಪಾನನಿಷೇಧವಿತ್ತು. ಆಗ ಇಲ್ಲಿಯ ಸ್ಥಾವರಗಳು ಹೆಚ್ಚಿನವು ಮುಚ್ಚಿದವು. ಕೆಲವು ಮಾತ್ರ ಇಗರ್ಜಿಗಳ ಪೂಜೆಗೆ ಬೇಕಾದ ಮದ್ಯವನ್ನು ಪರವಾನಗಿಯಿಂದ ತಯಾರಿಸಿ ಉಳಿದುಕೊಂಡವು. ಮುಂದೆ 1976ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಪರೀಕ್ಷೆಯಲ್ಲಿ ನಾಪಾದ ಮದ್ಯಗಳು ಫ್ರಾನ್ಸಿನ ಹೆಸರಾಂತ ಮದ್ಯಗಳನ್ನು ಹಿಂದೆ ಹಾಕಿದ ಮೇಲೆ ಕಣಿವೆಯ ಕೀರ್ತಿ ಹಬ್ಬಿತು. ನಮಗೆ ಆ ಗೆಲುವಿಗಿಂತ ಹಿರಿದಾಗಿ ಕಂಡುದು 1968ರ ಒಂದು ನಿರ್ಣಯ. ಊರು ಬೆಳೆದು ತೋಟಗಳೆಲ್ಲ ನಿವೇಶನಗಳಾಗುವ ಭಯ ಹುಟ್ಟಿದಾಗ ಅಲ್ಲಿಯ ಜಿಲ್ಲಾಡಳಿತ ಕಣಿವೆಯನ್ನು ಕೃಷಿಗಾಗಿಯೇ ಕಾಯ್ದಿಟ್ಟ ಪ್ರದೇಶವೆಂದು ಸಾರಿ, ಭೂಮಿಯನ್ನು 20 ಎಕರೆಗಿಂತ ಸಣ್ಣ ತುಂಡು ಮಾಡಕೂಡದೆಂದು ಕಟ್ಟು ಮಾಡಿತು. ಮುಂದೆ ಅದು 40 ಎಕರೆಯಾಯಿತು. ಆ ದೇಶದಲ್ಲಿ ಅಂಥ ಕಟ್ಟಳೆ ಅದೇ ಮೊದಲನೆಯದು. ಒಂದೊಂದೇ ತುಂಡಾಗಿ ಹೋದ ಅಣ್ಣನವರ ಐದು ಎಕರೆ ನೆನಪಾಗಿ, ಕಾರಿನಲ್ಲಿ ಕುಳಿತ ನಾವು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಊಟಕ್ಕೆ ಇನ್ನೂ ಸಮಯವಿತ್ತಾದ್ದರಿಂದ ಯೌಂಟ್‌ವಿಲ್ ಊರಿನ ಬೀದಿಯಲ್ಲಿ ಅಡ್ಡಾಡಿದೆವು. ಅಲ್ಲಿ ಬಳ್ಳಿ ಹಬ್ಬಿದ ಕಲ್ಲಿನ ಎರಡಂತಸ್ತಿನ ಮನೆಯೊಂದನ್ನು ಅಳಿಯಂದಿರು ತೋರಿಸಿದರು. ಅದರ ಹೆಸರು 'ಫ್ರೆಂಚ್ ಲಾಂಡ್ರಿ', ಲೋಕವಿಖ್ಯಾತವಾದ ಭೋಜನಾಲಯ. ಹೆಸರು ಕೇಳಿ ನಮ್ಮ ಮನೆಯವರು, "ಉಣ್ಣೋ ಮನೀಗೆ ಅರಿವಿ ತೊಳೆಯೋ ಹೆಸರು ಯಾಕರಿ?" ಎಂದರು. ಕಾರಣ ಸ್ವಾರಸ್ಯದ್ದಾಗಿದೆ. 1900ರ ಸುಮಾರಿಗೆ ಸ್ಕಾಟ್ಲೆಂಡಿನ ಕಲ್ಲುಕುಟಿಗನೊಬ್ಬ ಅದನ್ನು ಸೆರೆಯಂಗಡಿಯಾಗಿ ಕಟ್ಟಿದ. ಹತ್ತಿರದಲ್ಲಿ ನಿವೃತ್ತ ಯೋಧರ ಆಶ್ರಮವಿತ್ತು. ಅದರ ಒಂದು ಮೈಲಿಯೊಳಗೆ ಮದ್ಯ ಮಾರಕೂಡದೆಂದು 1906ರಲ್ಲಿ ಕಾನೂನಾದಾಗ ಅಂಗಡಿ ಕೈ ಬದಲಾಯಿತು. 1920ರ ದಶಕದಲ್ಲಿ ಅದು ಉಗಿಯಿಂದ ಬಟ್ಟೆ ತೊಳೆಯುವ ಮನೆಯಾಗಿತ್ತು. 1978ರಲ್ಲಿ ಶ್ಮಿಟ್ ದಂಪತಿಗಳು ಅಲ್ಲಿ ಊಟದ ಮನೆ ತೆರೆದು ಹಳೆಯ ಹೆಸರನ್ನೇ ಉಳಿಸಿದರು. 1994ರಲ್ಲಿ ಥಾಮಸ್ ಕೆಲರ್ ಎಂಬ ಬಾಣಸಿಗರು ಅದನ್ನು ಕೊಂಡು ಪ್ರಸಿದ್ಧಿಗೆ ತಂದರು. ಅದರ ಕಾಯಿಪಲ್ಯೆಯ ತೋಟ ಬೀದಿಯ ಆಚೆಗೇ ಇದ್ದು, ದಾರಿಹೋಕರೂ ಒಳಹೊಕ್ಕು ನೋಡಬಹುದು. ಸೆರೆಯಂಗಡಿ, ಅಗಸರ ಮನೆ, ಅನ್ನದ ಮನೆ: ಒಂದೇ ಗೋಡೆಗಳ ನಡುವೆ ಮೂರು ಕಸುಬು. ಹೆಂಡದ ಮಾರಯ್ಯನವರನ್ನೂ ಮಡಿವಾಳ ಮಾಚಯ್ಯನವರನ್ನೂ ಒಂದೇ ಅನುಭವ ಮಂಟಪದಲ್ಲಿ ಕೂಡಿಸಿಕೊಂಡ ಪರಂಪರೆಯವರಾದ ನಮಗೆ ಆ ಮನೆಯ ಮುಂದೆ ನಿಂತಾಗ ಮೂಗು ಮುರಿಯುವ ಧೈರ್ಯ ಬರಲಿಲ್ಲ.

ನಾವು ಉಣ್ಣಲಿದ್ದುದು ಅದರಲ್ಲಲ್ಲ. ಅಲ್ಲಿಯ ಊಟಕ್ಕೆ ತಲೆಗೆ ಮೂವತ್ತು ಸಾವಿರ ರೂಪಾಯಿಗೂ ಮಿಕ್ಕಿ ಬೇಕೆಂದು ಕೇಳಿ ಬೆರಗಾದೆವು. ನಮ್ಮದು ಅದೇ ಕಣಿವೆಯ ಇನ್ನೊಂದು ಸಣ್ಣ ಮನೆ. ಪ್ರಚಾರವಾದೀತೆಂದು ಹೆಸರು ಬರೆಯುತ್ತಿಲ್ಲ. ನೂರು ವರ್ಷ ದಾಟಿದ, ಬಿಳಿ ಬಣ್ಣ ಬಳಿದ ಕಟ್ಟಿಗೆಯ ಮನೆ. ಮುಂದೆ ನಾಲ್ಕು ಕಂಬದ ಪಡಸಾಲೆ, ಕಾಲಿಟ್ಟರೆ ಕಿರುಗುಟ್ಟುವ ಹಲಗೆಯ ನೆಲ, ಒಳಗೆ ಹಿಂದಿನವರು ಮಲಗುತ್ತಿದ್ದ ಕೋಣೆಯಲ್ಲಿ ಇಂದು ನಾಲ್ಕು ಮೇಜು. ಗೋಡೆ ಕೆಡವಿ ದೊಡ್ಡ ಸಭಾಂಗಣ ಮಾಡದೆ ಮನೆಯನ್ನು ಮನೆಯಾಗಿಯೇ ಉಳಿಸಿದ್ದರು. ಅದರಿಂದಲೋ ಏನೋ, ಹೋಟೆಲಿಗೆ ಬಂದೆವೆಂಬುದಕ್ಕಿಂತ ಯಾರದೋ ಮನೆಗೆ ಅತಿಥಿಗಳಾಗಿ ಬಂದೆವೆಂಬ ಭಾವ ಮೂಡಿತು.

ಮೇಜಿನ ಮೇಲೆ ಎತ್ತರದ ಗಾಜಿನ ಬಟ್ಟಲುಗಳಿದ್ದವು. ಬಡಿಸುವ ತರುಣಿ ನಮ್ಮನ್ನು ಕೂಡಿಸುತ್ತಲೇ ಏನೂ ಕೇಳದೆ ಅವುಗಳನ್ನು ಎತ್ತಿಕೊಂಡು ಹೋದಳು. ದೂರವಾಣಿಯಲ್ಲಿ ಹೇಳಿದುದು ಒಂದು ಚೀಟಿಯಲ್ಲಿ ಅಡುಗೆಮನೆಗೂ ಮುಟ್ಟಿತ್ತು. ಆದರೂ ಅವಳು ಮತ್ತೊಮ್ಮೆ ನಮ್ಮ ಎದುರಿಗೆ ಒಂದೊಂದನ್ನೂ ಓದಿ ಖಚಿತ ಮಾಡಿಕೊಂಡಳು. ಸಂಕೋಚದಿಂದ ಕುಗ್ಗಿ ಕುಳಿತಿದ್ದ ನಮಗೆ ಆಶ್ಚರ್ಯ. ನೇಮ ಹೇಳಿದರೆ ನಗುತ್ತಾರೆಂದು ನಾವು ಅಂಜಿದ್ದೆವು; ಅವರು ಅದನ್ನು ಕೆಲಸದ ಒಂದು ಭಾಗವಾಗಿ ಬರೆದುಕೊಂಡರು.

ಮೊದಲು ಬಂದುದು ಎಳೆಯ ಮೆಕ್ಕೆಜೋಳದ ಸಾರು. ಇಂಥ ಸಾರಿಗೆ ಕೋಳಿಯನ್ನು ಕುದಿಸಿದ ನೀರು ಹಾಕುವುದು ಅಲ್ಲಿ ಸಾಮಾನ್ಯ. ನಮಗಾಗಿ ತೆನೆಯ ಬೆಂಡನ್ನೇ ಕುದಿಸಿ ನೀರು ತೆಗೆದಿದ್ದರು. ಅನಂತರ ತೋಟದ ಟೊಮ್ಯಾಟೊ. ಆಮೇಲೆ ಮೆಕ್ಕೆಜೋಳದ ನುಚ್ಚಿನ ಮೇಲೆ ಹುರಿದ ಅಣಬೆ. ಅವರು ಅದನ್ನು ಪೊಲೆಂಟಾ ಎನ್ನುತ್ತಾರೆ. ನಮ್ಮ ಮನೆಯವರು ಒಂದು ಚಮಚ ಬಾಯಿಗಿಟ್ಟು, "ಇದು ನಮ್ಮ ನುಚ್ಚೇ ಐತಿ" ಎಂದು ಸಮಾಧಾನಪಟ್ಟರು. ಅದರ ಮೇಲೆ ತುರಿಯುವ ಪಾರ್ಮೆಸಾನ್ ಗಿಣ್ಣನ್ನು ಬಿಟ್ಟಿದ್ದರು, ಏಕೆಂದರೆ ಅದರ ಹಾಲನ್ನು ಒಡೆಸುವುದು ಕರುವಿನ ಜಠರದಿಂದ ತೆಗೆದ ವಸ್ತುವಿನಿಂದ. ಇದು ನಮಗೆ ತಿಳಿದೇ ಇರಲಿಲ್ಲ. ಮಗಳ ಮನೆಯಲ್ಲಿ ಎಷ್ಟೋ ಸಲ ತಿಂದಿದ್ದೆವೆಂದು ನೆನೆದು ನಾವೂ ಮಗಳೂ ಮುಖ ಮುಖ ನೋಡಿಕೊಂಡೆವು.

ಆ ಅಣಬೆಯ ಗೊಜ್ಜಿಗೆ ಸಾಮಾನ್ಯವಾಗಿ ಕೆಂಪು ಮದ್ಯ ಸುರಿಯುತ್ತಾರೆ. ಕುದಿಸಿದರೆ ಮದ್ಯದ ಅಂಶ ಹಾರಿಹೋಗುತ್ತದೆಂದು ಹೇಳುವವರುಂಟು. ಆದರೆ ಅಮೆರಿಕೆಯ ಕೃಷಿ ಇಲಾಖೆಯ ಕೋಷ್ಟಕದಂತೆ ಹದಿನೈದು ನಿಮಿಷ ಕುದಿಸಿದ ಮೇಲೂ ನೂರಕ್ಕೆ 40 ಪಾಲು ಉಳಿಯುತ್ತದೆ. ಎರಡೂವರೆ ತಾಸು ಕುದಿಸಿದರೂ 5 ಪಾಲು ಉಳಿಯುತ್ತದೆ. ನಮ್ಮ ಗೊಜ್ಜಿನಲ್ಲಿ ಹಿತವಾದ ಹುಳಿಯಿತ್ತು, ಹುಣಸೆಯದಲ್ಲ, ಲಿಂಬೆಯದೂ ಅಲ್ಲ. ಅದೇನೆಂದು ಕೇಳಿದಾಗ ಅಡುಗೆಯ ಮುಖ್ಯಸ್ಥೆಯೇ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಬಳ್ಳಿಯ ಮೇಲೆ ಭಾರ ಹೆಚ್ಚಾದಾಗ ಬಲಿಯದ ಹಸಿರು ಗೊಂಚಲುಗಳನ್ನು ಕತ್ತರಿಸಿ ಇಳಿಸುತ್ತಾರಷ್ಟೆ. ಆ ಕಾಯಿಗಳನ್ನು ಹಿಂಡಿ ತೆಗೆದ, ಹುಳಿತು ಮದ್ಯವಾಗದ ರಸ ಅದು. 'ವೆರ್ಜೂ' ಎಂದು ಅದರ ಹೆಸರು.

ನಮ್ಮ ಬಾಯಿ ಕಟ್ಟಿಹೋಯಿತು. ಗೊಂಚಲು ವಿರಳ ಮಾಡಿ ನೆಲಕ್ಕೆ ಚೆಲ್ಲಿದ ಕಾಯಿಯನ್ನು ನಾವು ದನಗಳಿಗೂ ಹಾಕದೆ ಬದುವಿಗೆ ಸುರಿದವರು. ಮಗಳ ಮುಖಾಂತರ ಅದನ್ನು ಆಕೆಗೆ ಹೇಳಿದೆವು. ನಾವೂ ದ್ರಾಕ್ಷಿ ಬೆಳೆಯುವವರೆಂದು ತಿಳಿದು ಆಕೆ ಹತ್ತು ನಿಮಿಷ ನಮ್ಮ ಮೇಜಿನ ಬಳಿ ನಿಂತರು. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆಯುದುರಿಸಿ ಮಲಗುತ್ತದೆ. ವರ್ಷಕ್ಕೆ ಒಂದೇ ಚಾಟ್ನಿ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಏಪ್ರಿಲಿನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಚಾಟ್ನಿ ಮಾಡಿ, ಫೆಬ್ರುವರಿ ಮಾರ್ಚಿನಲ್ಲಿ ಹಣ್ಣು ಇಳಿಸಿ, ಹೆಚ್ಚಿನದನ್ನು ನೆರಳಿನ ಶೆಡ್ಡಿನಲ್ಲಿ ಒಣಗಿಸಿ ಮಣೂಕ ಮಾಡುತ್ತೇವೆಂದಾಗ ಆಕೆಯ ಕಣ್ಣರಳಿತು. ನಮ್ಮ ಮನೆಯವರು ತಾಟಿನಲ್ಲಿ ಉಳಿದ ಗೊಜ್ಜನ್ನು ರೊಟ್ಟಿಯ ತುಣುಕಿನಿಂದ ಒರೆಸಿ ಒಂದು ಹನಿಯೂ ಬಿಡದೆ ತಿಂದುದನ್ನು ಕಂಡು, ಅಡುಗೆಯವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆಯಿಲ್ಲವೆಂದರು. ಪ್ರಸಾದವನ್ನು ಚೆಲ್ಲಬಾರದೆಂಬ ನಮ್ಮ ರೂಢಿಯನ್ನು ಮಗಳು ವಿವರಿಸಬೇಕಾಗಲಿಲ್ಲ.

ಪಕ್ಕದ ಮೇಜಿನಲ್ಲಿ ನಮ್ಮದೇ ವಯಸ್ಸಿನ ದಂಪತಿಗಳಿದ್ದರು. ಅವರ ಮುಂದೆ ಮದ್ಯದ ಬಟ್ಟಲುಗಳಿದ್ದವು. ಎರಡು ತಾಸಿನಲ್ಲಿ ಅವರು ಅದನ್ನು ಅರ್ಧ ಕೂಡ ಮುಗಿಸಲಿಲ್ಲ; ಗದ್ದಲವಿಲ್ಲ, ತೊದಲು ಮಾತಿಲ್ಲ. ಇದನ್ನು ನೋಡಿ ನಮ್ಮ ನೇಮ ಸಡಿಲಾಯಿತೆಂದು ಯಾರೂ ತಿಳಿಯಬಾರದು. ಒಬ್ಬರಿಗೆ ಅರ್ಧ ಬಟ್ಟಲಿಗೆ ನಿಲ್ಲುವುದು ಇನ್ನೊಬ್ಬರಿಗೆ ಹೊಲಮನೆ ನುಂಗಿದ ಮೇಲೂ ನಿಲ್ಲುವುದಿಲ್ಲ. ಯಾರು ಯಾವ ಬಗೆಯವರೆಂದು ಮೊದಲ ಗುಟುಕಿನ ದಿನ ಯಾರ ಹಣೆಯ ಮೇಲೂ ಬರೆದಿರುವುದಿಲ್ಲ.

ಕೊನೆಗೆ ಬಾಡಿಸಿದ ಪೀಚ್ ಹಣ್ಣು ಬಂದಿತು. ಮೊಮ್ಮಗ ಅದರಲ್ಲಿ ಮುಳುಗಿದ್ದಾಗ ಅಳಿಯಂದಿರು ತಲೆ ತಗ್ಗಿಸಿ ಮಾತು ತೆಗೆದರು: "ಮಾವನವರೇ, ನಿನ್ನೆ ನೀವು ನಿಜ ಹೇಳಿದಿರಿ. ನಾನೂ ಹೇಳಬೇಕು. ಕಚೇರಿಯ ಊಟಗಳಲ್ಲಿ ನಾನು ಒಂದೊಂದು ಸಲ ಒಂದು ಬಟ್ಟಲು ತೊಗೊಳ್ತೀನಿ. ನಿಮ್ಮ ಮುಂದೆ ಮುಚ್ಚಿಟ್ಟು ಕೂಡೋದು ಸರಿ ಅನಿಸಲಿಲ್ಲ."

ಮಗಳು ನಮ್ಮ ಮುಖವನ್ನೇ ನೋಡುತ್ತಿದ್ದಳು. ಮೊದಲಿನ ನಾವಾಗಿದ್ದರೆ ಅಲ್ಲಿಂದ ಎದ್ದುಬಿಡುತ್ತಿದ್ದೆವು. ಆದರೆ ಹಿಂದಿನ ದಿನ ಹೇಳದೆ ಉಳಿಸಿಕೊಂಡಿದ್ದ ಒಂದು ಮಾತು ಆಗ ತಾನಾಗಿ ಹೊರಗೆ ಬಂದಿತು.

ಅಣ್ಣನವರು ಕುಡಿಯತೊಡಗಿದುದು ತಿಳಿದಾಗ ಅಪ್ಪನವರು ಅವರ ತಾಟನ್ನು ಪಂಕ್ತಿಯಿಂದ ಹೊರಗೆ, ಕೊಟ್ಟಿಗೆಯ ಕಟ್ಟೆಯ ಮೇಲೆ ಇಡಬೇಕೆಂದು ಅಪ್ಪಣೆ ಮಾಡಿದರು. ಏಳು ವರ್ಷ ಅವರು ಅಲ್ಲಿ ಒಬ್ಬರೇ ಉಂಡರು. ಬಡಿಸಲು ಹೋದ ಅವ್ವ ಕಣ್ಣೊರೆಸಿಕೊಳ್ಳುತ್ತ ಬರುತ್ತಿದ್ದಳು. ತಮ್ಮನಾದ ನಾವು ಒಂದು ದಿನವೂ ನಮ್ಮ ತಾಟು ಎತ್ತಿಕೊಂಡು ಹೋಗಿ ಅವರ ಪಕ್ಕದಲ್ಲಿ ಕೂಡಲಿಲ್ಲ. ಮೊದಮೊದಲು ಅವರೂ ಎಂದೋ ಒಮ್ಮೆ ಕುಡಿಯುತ್ತಿದ್ದವರೇ. ಮನೆಯ ಪಂಕ್ತಿ ತಪ್ಪಿದ ಮೇಲೆ ಅವರಿಗೆ ಉಳಿದ ಪಂಕ್ತಿ ಅಂಗಡಿಯದೊಂದೇ. ಕೂಡಿ ಉಂಡಿದ್ದರೆ ಅವರು ಉಳಿಯುತ್ತಿದ್ದರೆಂದು ನಾವು ಹೇಳಲಾರೆವು. ಆದರೆ ಕೂಡಿ ಉಣ್ಣಲಿಲ್ಲವೆಂಬ ಭಾರ ಇಂದಿಗೂ ಇಳಿದಿಲ್ಲ.

ಇಷ್ಟನ್ನು ಹೇಳಿ ಅಳಿಯಂದಿರಿಗೆ ಅಂದೆವು: "ನೀವು ಕುಡಿಯುವುದು ನಮಗೆ ಒಪ್ಪಿಗೆಯಿಲ್ಲ, ಒಪ್ಪಿಗೆಯಿದೆಯೆಂದು ಸುಳ್ಳಾಡುವುದಿಲ್ಲ. ನಮ್ಮ ಮನೆಯಲ್ಲಿ ಏನಾಯಿತೆಂಬುದು ಈಗ ನಿಮಗೂ ಗೊತ್ತು, ಮುಂದೆ ಈ ಹುಡುಗನಿಗೂ ಹೇಳಿರಿ. ಆದರೆ ನಿಮ್ಮ ತಾಟನ್ನು ನಾವು ಎಂದಿಗೂ ಬೇರೆ ಇಡುವುದಿಲ್ಲ." ಅವರು ಮಾತನಾಡಲಿಲ್ಲ, ನಮ್ಮ ಕೈಯನ್ನು ಹಿಡಿದುಕೊಂಡರು. ಅಂದಿನಿಂದ ಅವರು ಬಿಟ್ಟರೆಂದು ಬರೆದರೆ ಲೇಖನಕ್ಕೆ ಒಳ್ಳೆಯ ಮುಕ್ತಾಯವಾದೀತು. ನಾವು ಕೇಳಿಲ್ಲ. ಹೇಳಬೇಕೆನಿಸಿದಾಗ ಅವರೇ ಹೇಳುವರೆಂಬ ನಂಬಿಕೆ ನಮಗಿದೆ.

ಮಕ್ಕಳಿದ್ದ ದೇಶಗಳಿಗೆ ಹೋಗುವ ಹಿರಿಯರಿಗೆ ಅನುಭವದ ಎರಡು ಮಾತು. ಹೊರಗೆ ಉಣ್ಣುವ ಪ್ರಸಂಗ ಬಂದರೆ ಹಟ ಹಿಡಿದು ಮನೆಯಲ್ಲಿ ಉಳಿಯುವ ಬದಲು ನಿಮ್ಮ ನೇಮವನ್ನು ಜಾಗ ಕಾಯ್ದಿರಿಸುವಾಗಲೇ ತಿಳಿಸುವಂತೆ ಮಕ್ಕಳಿಗೆ ಹೇಳಿರಿ. ಕೇವಲ 'ಸಸ್ಯಾಹಾರಿ' ಎಂದರೆ ಸಾಲದು: ಸಾರಿನ ನೀರು ಯಾವುದರದು, ಗಿಣ್ಣನ್ನು ಯಾವುದರಿಂದ ಒಡೆಸಿದ್ದು, ಸಿಹಿತಿಂಡಿಯಲ್ಲಿ ತತ್ತಿಯಾಗಲಿ ಪ್ರಾಣಿಮೂಲದ ಜೆಲಾಟಿನ್ ಆಗಲಿ ಇದೆಯೇ, ಗೊಜ್ಜಿಗೆ ಮದ್ಯ ಹಾಕಿದ್ದಾರೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಬಿಡಿಸಿ ಕೇಳಿಸಿರಿ. ನಮ್ಮ ಅನುಭವದಲ್ಲಿ ಯಾರೂ ಬೇಸರಪಡಲಿಲ್ಲ. ಇನ್ನು ಮನೆಯೊಳಗಿನ ಕಾರಣಗಳೇನಾದರೂ ಇದ್ದರೆ ಅವನ್ನು ಮಕ್ಕಳಿಗೆ ಮೊದಲು ಹೇಳಿರಿ.

ಅಕ್ಟೋಬರಿನ ಚಾಟ್ನಿಗೆ ಸರಿಯಾಗಿ ನಾವು ಊರಿಗೆ ಮರಳಿದೆವು. ಆ ವರ್ಷ ಡಿಸೆಂಬರಿನಲ್ಲಿ ವಿರಳ ಮಾಡಿದ ಕಾಯಿಯನ್ನು ಬದುವಿಗೆ ಚೆಲ್ಲಗೊಡದೆ ನಮ್ಮ ಮನೆಯವರು ಹಿಂಡಿ, ಬೇಳೆಯ ಸಾರಿಗೆ ಹುಣಸೆಯ ಬದಲು ಹಾಕಿ ನೋಡಿದರು. ಹುಳಿ ಸ್ವಲ್ಪ ಹೆಚ್ಚಾಯಿತು. ಆದರೂ ಎಲ್ಲರೂ ಉಂಡೆವು. ಮಗಳು ದೂರವಾಣಿಯಲ್ಲಿ ಅವಳ ದೊಡ್ಡಪ್ಪನ ಭಾವಚಿತ್ರವೊಂದನ್ನು ಕೇಳಿದಳು. ಮನೆಯಲ್ಲಿ ಹುಡುಕಿದರೆ ಸಿಕ್ಕಿದ್ದು ಒಂದೇ ಒಂದು: ನಮ್ಮ ಮದುವೆಯ ಪಂಕ್ತಿಯಲ್ಲಿ ಅಣ್ಣನವರೂ ನಾವೂ ಒತ್ತಿ ಕುಳಿತು ಉಣ್ಣುತ್ತಿರುವುದು. ಅದನ್ನೇ ಕಳುಹಿಸಿದೆವು. ಈಗ ಅದು ಫ್ರೀಮಾಂಟಿನ ಆ ಮನೆಯಲ್ಲಿ, ಉಣ್ಣುವ ಮೇಜಿನ ಎದುರಿನ ಗೋಡೆಯ ಮೇಲಿದೆ.